ಕುಂಕುಮ ಇಟ್ಟ ಗಿಟಾರು

ನೆನೆಸಿದ ಅವರೆಕಾಳು ಹಿತುಕುತ್ತ ಅಡುಗೆಮನೆಯ ಹೊಸಿಲ ಹತ್ತಿರ ಕೂತಿದ್ದೆ. ಎಡಗಡೆ ಬೋಗುಣಿಗೆ ಬೇಳೆ, ಬಲಗಡೆ ಮೊರಕ್ಕೆ ಸಿಪ್ಪೆ. ಈ ಕೆಲಸದಲ್ಲಿ ನನಗೊಂದು ಸುಖವಿದೆ. ಬೆರಳು ತನ್ನ ಪಾಡಿಗೆ ತಾನು ಹಿತುಕುತ್ತಿರುತ್ತದೆ, ಬಾಯಿ ಸುಮ್ಮನಿರುತ್ತದೆ, ಮನಸ್ಸಿನಲ್ಲಿ ದೇವರ ನಾಮ ಹೇಳಿಕೊಳ್ಳಬಹುದು. ಎಂಬತ್ತು ದಾಟಿದ ಮೇಲೂ ಬೆರಳಿನ ತುದಿಗೆ ಕಾಳಿನ ಮೊಳಕೆ ಎಲ್ಲಿದೆಯೆಂದು ಗೊತ್ತಾಗುತ್ತದಲ್ಲ, ಅದಕ್ಕೆ ನಾನು ದಿನವೂ ಕೈ ಮುಗಿಯುತ್ತೇನೆ. ಅಂಥ ಹೊತ್ತಿನಲ್ಲಿ ಫೋನು ಬಡಿದುಕೊಂಡಿತು. ಸೆರಗಿಗೆ ಕೈ ಒರೆಸಿಕೊಂಡು ಎತ್ತಿದರೆ ಗೌರಿಬಿದನೂರಿನಿಂದ ನನ್ನ ತಮ್ಮ ನಾಗರಾಜ.

“ಏನಕ್ಕಾ, ಊಟ ಆಯ್ತಾ?”

“ಇನ್ನೂ ಕಾಳೇ ಹಿತುಕ್ತಾ ಇದೀನಿ ಕಣೋ. ಊಟ ಎಲ್ಲಿಂದ ಬರ್ಬೇಕು?”

“ಚಿಂತಾಮಣಿಯಿಂದ ಒಂದು ಕಾಗದ ಬಂದಿದೆ. ಆ ಫ್ರಾನ್ಸಿಸ್‌ಗೆ ಎಂಬತ್ತು ತುಂಬ್ತಂತೆ. ಅವರ ಚರ್ಚಿನೋರು ಬರೋ ಭಾನುವಾರ ಸನ್ಮಾನ ಇಟ್ಕೊಂಡವ್ರೆ. ನಾಗರಾಜು ಬಂದು ಪಕ್ಕದಲ್ಲಿ ಕೂತು ಬಾರಿಸಿದ್ರೇನೇ ಶಾಲು ಹೊದ್ಕೊಳೋದು ಅಂತ ಹಟ ಹಿಡಿದವ್ನಂತೆ.”

“ಹೋಗ್ತೀಯಾ?”

“ನಾನ್ಯಾಕ್ ಹೋಗ್ಲಿ? ನನ್ ಗಿಟಾರಿನ ಹೊಟ್ಟೆಗೆ ಕೈ ಹಾಕಿದೋನು ಅವ್ನು. ಬರಲ್ಲ ಅಂತ ಇವತ್ತೇ ಒಂದು ಕಾರ್ಡು ಹಾಕ್ತೀನಿ. ಸುಮ್ನೆ ನಿನಗೂ ಗೊತ್ತಿರ್ಲಿ ಅಂತ ಹೇಳ್ದೆ.”

“ಕಾರ್ಡು ಹಾಕ್ಬೇಡ. ಸ್ವಲ್ಪ ಹೊತ್ತು ಬಿಟ್ಟು ನಾನೇ ಮಾಡ್ತೀನಿ,” ಎಂದು ಫೋನು ಇಟ್ಟೆ. ನಿಮ್ಮಲ್ಲಿ ಮುಚ್ಚುಮರೆ ಏಕೆ, ಆ ಗಿಟಾರಿನ ಹೊಟ್ಟೆಗೆ ಕೈ ಹಾಕಿದವಳು ನಾನು. ಐವತ್ತು ವರ್ಷಕ್ಕೂ ಮೇಲಾಯಿತು. ನನ್ನ ತಮ್ಮನಿಗೆ ಇವತ್ತಿನವರೆಗೂ ಹೇಳಿಲ್ಲ. ಭಾನುವಾರಕ್ಕೆ ಇನ್ನು ನಾಲ್ಕು ದಿನ. ಈಗ ಹೇಳದಿದ್ದರೆ ಮುಂದೆ ಹೇಳಲು ಮೂವರಲ್ಲಿ ಯಾರಿರುತ್ತೇವೋ, ಯಾರಿಲ್ಲವೋ.

ಮತ್ತೆ ಬಂದು ಕಾಳಿನ ಮುಂದೆ ಕೂತೆ. ಹೇಗೆ ಹೇಳುವುದು ಎಂದು ಯೋಚಿಸಬೇಕಾಗಿತ್ತು. ಯೋಚನೆ ಎಲ್ಲಿಂದ ಶುರುವಾಯಿತು ಗೊತ್ತೇ? ರೇಷ್ಮೆ ಹುಳದಿಂದ.

ನನ್ನ ತವರು ಜಂಗಮಕೋಟೆ. ಅಪ್ಪನಿಗೆ ಹಿಪ್ಪುನೇರಳೆ ತೋಟವಿತ್ತು, ಮನೆಯ ತುಂಬ ಹುಳದ ತಟ್ಟೆಗಳು. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ಬಿಟ್ಟು ತಲೆಯೆತ್ತಿ ಅಲ್ಲಾಡದೆ ಕೂತುಬಿಡುತ್ತದೆ. ಅದಕ್ಕೆ ನಮ್ಮ ಕಡೆ ‘ಜ್ವರಕ್ಕೆ ಕೂತಿದೆ’ ಎನ್ನುತ್ತಾರೆ. ಆಗ ಮನೆಯಲ್ಲಿ ಯಾರೂ ಜೋರಾಗಿ ಕೆಮ್ಮುವ ಹಾಗೂ ಇರಲಿಲ್ಲ. ಅಂಥ ಮನೆಯಲ್ಲಿ ನಾಗರಾಜನಿಗೆ ಗಿಟಾರಿನ ಹುಚ್ಚು ಹಿಡಿಯಿತು. ಕಾಲೇಜು ಓದಲು ಹೋದವನು ಯಾರದೋ ಹಳೆಯ ಗಿಟಾರು ಕೊಂಡು ತಂದ. ಒಂದು ಸಾಯಂಕಾಲ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದಾಗ ಇವನು ಹಿತ್ತಲಲ್ಲಿ ಟ್ರಿಂಯ್ ಎನಿಸಿದನಂತೆ. ಅಪ್ಪ ಹೊರಗೆ ಬಂದು, “ಹುಳ ಸಾಯ್ತವೆ. ಈ ಬುರುಡೇನ ಎತ್ಕೊಂಡು ನಿಮ್ಮಕ್ಕನ ಮನೆಗೆ ಹೋಗು,” ಎಂದರು. ಆ ಬೆಳೆ ಚೆನ್ನಾಗಿಯೇ ಬಂತು. ಗಿಟಾರಿಗೆ ಹುಳವೇನೂ ಸಾಯಲಿಲ್ಲ. ಆದರೆ ಅಷ್ಟರಲ್ಲಿ ನಾಗರಾಜ ಶಿಡ್ಲಘಟ್ಟದಲ್ಲಿ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನೆಲೆಯೂರಿಬಿಟ್ಟಿದ್ದ.

ನಮ್ಮದು ನೂಲು ಬಿಚ್ಚುವ ಮನೆ. ಗೂಡು ಬೇಯಿಸುವ ತಪ್ಪಲೆಗಳು, ಸಾಲಾಗಿ ಚರಕಗಳು, ಬೆಳಗಿನಿಂದ ಸಂಜೆವರೆಗೆ ಗರಗರ ಸದ್ದು. ಅದರ ನಡುವೆ ಗಿಟಾರು ಯಾರಿಗೂ ಹೊರೆಯಾಗಲಿಲ್ಲ. ಅತ್ತೆ ಮಾತ್ರ ಒಂದೆರಡು ದಿನ, “ನಿನ್ ತಮ್ಮ ತಂತೀನ ಯಾಕೇ ಹಂಗೆ ಅಳಿಸ್ತಾನೆ?” ಎಂದು ಕೇಳಿದರು. ಆಮೇಲೆ ಅದು ನಿಂತ ದಿನ, “ಯಾಕೇ, ಹುಡುಗನಿಗೆ ಹುಷಾರಿಲ್ವಾ?” ಎಂದು ಕೇಳತೊಡಗಿದರು.

ಫ್ರಾನ್ಸಿಸ್ ನಮ್ಮ ಬದುಕಿಗೆ ಬಂದದ್ದು ಚಿಂತಾಮಣಿಯ ಒಂದು ಮದುವೆಯಲ್ಲಿ. ನಮ್ಮಿಂದ ನೂಲು ಕೊಳ್ಳುವವರ ಮನೆಯ ಮದುವೆ, ಹೋಗದಿದ್ದರೆ ಆಗುತ್ತಿರಲಿಲ್ಲ. ಆರತಕ್ಷತೆಗೆ ಓಲಗದ ಬದಲು ‘ಎಲೆಕ್ಟ್ರಿಕ್ ಗಿಟಾರ್ ಪಾರ್ಟಿ’ ಎಂದು ಲಗ್ನಪತ್ರಿಕೆಯಲ್ಲೇ ಅಚ್ಚು ಹಾಕಿಸಿದ್ದರು. ಕಂಬದಂತೆ ಎತ್ತರದ, ಕಪ್ಪಗಿನ ಹುಡುಗ, ಇಪ್ಪತ್ತೆರಡರ ಆಸುಪಾಸು. ಕೂದಲಿಗೆ ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ್ದ. ಇವನ ತಂದೆ ಚಿನ್ನದ ಗಣಿಯ ಕಡೆ ದೊರೆಗಳ ಕ್ಲಬ್ಬಿನಲ್ಲಿ ಅಡುಗೆಯವನಾಗಿದ್ದನಂತೆ. ಅಲ್ಲಿನ ವಾದ್ಯದವರು ನುಡಿಸುತ್ತಿದ್ದ ರಾಕ್ ಅಂಡ್ ರೋಲನ್ನು ಇವನು ಪಾತ್ರೆ ತೊಳೆಯುವ ಜಾಗದ ಕಿಟಕಿಯಲ್ಲಿ ನಿಂತು ಕಲಿತನಂತೆ. ಈಗ ಚಿಂತಾಮಣಿಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ. ಸಂಜೆಯ ಹೊತ್ತು ಮದುವೆ ಮನೆಗಳಲ್ಲಿ ಗಿಟಾರು.

ಮೊದಲ ಪೆಟ್ಟಿಗೇ ಮುದುಕಿಯರೆಲ್ಲ ಕಿವಿ ಮುಚ್ಚಿಕೊಂಡರು. ನನ್ನ ಮುಂದೆ ಕೂತಿದ್ದ ಅಜ್ಜ, “ಏಂದಿರಾ ಈ ಗೋಲ!” ಎಂದು, ಇದೇನು ಗಲಾಟೆ ಎಂದು ತೆಲುಗಿನಲ್ಲಿ ಗದರಿ ಎದ್ದು ನಿಂತ. ನಿಂತವನು ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಊರುಗೋಲು ತಾನೇ ತಾಳ ಹಾಕುತ್ತಿತ್ತು. ಫ್ರಾನ್ಸಿಸ್ ನಿಂತು ನುಡಿಸುತ್ತಿದ್ದ. ನಿಂತು ಎಂದರೆ ಸುಮ್ಮನೆ ನಿಂತಲ್ಲ. ಮಂಡಿ ಬಗ್ಗಿಸುತ್ತಿದ್ದ, ಬೂಟಿನ ತುದಿಯಿಂದ ಹಲಗೆಗೆ ಒದೆಯುತ್ತಿದ್ದ, ಒಂದು ಸಲ ಗಿಟಾರನ್ನು ಕತ್ತಿನ ಹಿಂದಕ್ಕೆ ಒಯ್ದು ನೋಡದೆಯೇ ಬಾರಿಸಿದ. ಕಣ್ಣು ಮಾತ್ರ ಸದಾ ಜನರ ಮೇಲೆ. ಯಾರು ನಗುತ್ತಿದ್ದಾರೆ, ಯಾರು ಆಕಳಿಸುತ್ತಿದ್ದಾರೆ ಎಂದು ಎಣಿಸುವ ಹಾಗೆ.

ನಾಗರಾಜ ಊಟದೆಲೆಗೆ ಬರಲಿಲ್ಲ. ಹುಡುಕಿದರೆ ಚಪ್ಪರದ ಹಿಂದೆ, ಗಿಟಾರಿನ ಸದ್ದು ದೊಡ್ಡದು ಮಾಡುವ ಫ್ರಾನ್ಸಿಸ್‌ನ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ತಂತಿ ನೋಡುತ್ತ ಮಾತಾಡುತ್ತಿದ್ದರು. ಗಂಡಸರ ಸ್ನೇಹ ಹಾಗೇ ಶುರುವಾಗುತ್ತದೋ ಏನೋ.

ನಾಗರಾಜನ ಗಿಟಾರಿಗೂ ಕರೆಂಟು ಕೊಡಬೇಕೆಂದು ಇಬ್ಬರೂ ನಿರ್ಧರಿಸಿದರು. ನಮ್ಮ ಬಡಗಿಯ ಕೈಲಿ ಹಲಸಿನ ಹಲಗೆಯಿಂದ ಹೊಸ ಮೈ ಮಾಡಿಸಿದರು. ಅದರ ಎದೆಯಲ್ಲಿ, ತಂತಿಗಳ ಕೆಳಗೆ, ಅಯಸ್ಕಾಂತದ ತುಂಡುಗಳ ಸುತ್ತ ತಾಮ್ರದ ತಂತಿ ಸುತ್ತಿ ಕೂರಿಸಿ, ಮೇಲೊಂದು ತಗಡು ಮುಚ್ಚಬೇಕು. ತಂತಿ ಎಂದರೆ ಎಂಥದ್ದು! ಕೂದಲಿಗಿಂತ ತೆಳು. ಸಾವಿರಗಟ್ಟಲೆ ಸುತ್ತು. ಎಲ್ಲಿಯೂ ಕಿತ್ತುಹೋಗಬಾರದು. ಫ್ರಾನ್ಸಿಸ್ ತನ್ನ ಅಂಗಡಿಯಲ್ಲಿ ಮೂರು ಸಲ ಸುತ್ತಿದ, ಮೂರು ಸಲವೂ ಕಿತ್ತುಹೋಯಿತಂತೆ. ಬಂದವನು ನಮ್ಮ ಚರಕಗಳನ್ನು ನೋಡಿ ಹಾಗೇ ನಿಂತುಬಿಟ್ಟ.

“ಅಕ್ಕಾ, ಇಷ್ಟು ತೆಳ್ಳಗಿನ ನೂಲು ಹೆಂಗೆ ಕಿತ್ತೋಗ್ದೆ ಬರ್ತದೆ?”

“ಕೈಗೆ ಗೊತ್ತಾಗ್ತದೆ ಕಣಪ್ಪ,” ಎಂದೆ.

“ಹಂಗಾದ್ರೆ ಇದನ್ನೂ ನಿಮ್ಮ ಕೈಯೇ ಸುತ್ತಬೇಕು.”

ಒಂದು ಶುಕ್ರವಾರ ಮಧ್ಯಾಹ್ನ, ಚರಕಗಳು ಖಾಲಿ ಇದ್ದಾಗ ಸುತ್ತಿದೆವು. ನಾನು ಹಿಡಿ ತಿರುಗಿಸುವುದು, ಬೆರಳ ಸಂದಿಯಲ್ಲಿ ತಾಮ್ರದ ಎಳೆ ಬಿಡುವುದು. ಫ್ರಾನ್ಸಿಸ್ ಸುತ್ತು ಎಣಿಸುವುದು. ನಾಗರಾಜ ಉಸಿರು ಬಿಗಿಹಿಡಿದು ನೋಡುವುದು. ಅತ್ತೆ ಬಾಗಿಲಲ್ಲಿ ನಿಂತು, “ರೇಷ್ಮೆ ಸುತ್ತೋ ಚರಕದ ಮೇಲೆ ತಾಮ್ರ ಸುತ್ತಿದ್ರೆ ಲಕ್ಷ್ಮಿ ಮುನಿಸ್ಕೊಳಲ್ವೇನೇ?” ಎಂದರು. ಫ್ರಾನ್ಸಿಸ್ ಎಣಿಕೆ ತಪ್ಪದೆ, “ಚಿನ್ನದೂರಿಂದ ಬಂದೋನು ಹೇಳ್ತೀನಿ ಕೇಳಮ್ಮ, ತಾಮ್ರ ಚಿನ್ನಕ್ಕೆ ತಮ್ಮ ಆಗ್ಬೇಕು. ತಮ್ಮನ್ನ ಕಂಡ್ರೆ ಅಕ್ಕ ಮುನಿಸ್ಕೊತಾಳಾ?” ಎಂದ. ಅತ್ತೆ ನಕ್ಕು ಒಳಗೆ ಹೋಗಿ ಅವನಿಗೂ ಒಂದು ಲೋಟ ಕಾಫಿ ತಂದರು. ನಮ್ಮದೇ ಲೋಟದಲ್ಲಿ ತಂದರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಸುತ್ತಿ ಮುಗಿದ ಮೇಲೆ ಫ್ರಾನ್ಸಿಸ್ ಅದನ್ನು ಅಂಗೈಯಲ್ಲಿ ಇಟ್ಟು ನನಗೆ ತೋರಿಸಿದ. “ಅಕ್ಕಾ, ಇದೇ ಇದರ ಜೀವ. ಮರ ಒಡೆದ್ರೆ ಅಂಟಿಸ್ಬಹುದು. ಇದು ಹೋದ್ರೆ ಮುಗೀತು.” ಈ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಕೂರಬಾರದ ರೀತಿಯಲ್ಲಿ ಕೂತಿತು ಎಂದು ಆಮೇಲೆ ಗೊತ್ತಾಯಿತು. ನಾಗರಾಜನೂ ಒಂದು ಎಚ್ಚರಿಕೆ ಹೇಳಿದ್ದ: “ಅಕ್ಕಾ, ಒದ್ದೆ ಕೈಲಿ ಮಾತ್ರ ಮುಟ್ಬೇಡ.”

ಅಲ್ಲಿಂದ ಒಂದೂವರೆ ವರ್ಷ ನಮ್ಮ ನಾಲ್ಕು ತಾಲ್ಲೂಕಿಗೆ ಇಬ್ಬರೇ ಗಿಟಾರಿನವರು. ಒಮ್ಮೆ ಮಂಚೇನಹಳ್ಳಿಯಲ್ಲಿ ಭಜನೆ ಮಂಡಳಿಯವರು ನಾಗರಾಜನನ್ನು ಕರೆಸಿದರು; ಅದೇ ತಿಂಗಳು ಗೌರಿಬಿದನೂರಿನವರು ಫ್ರಾನ್ಸಿಸ್‌ನನ್ನು. ಎರಡಕ್ಕೂ ನಾನು ಹೋಗಿದ್ದೆ, ಅದು ನನ್ನ ಯಜಮಾನರ ದಯೆ. ನಾಗರಾಜ ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ ನೆಟ್ಟಗೆ ನಿಂತು, ಕಣ್ಣು ಮುಚ್ಚಿ ನುಡಿಸುತ್ತಿದ್ದ. ನಂದಿಯ ಗುಡಿಯಲ್ಲಿ ನಾಗಸ್ವರ ಕೇಳಿ ಬೆಳೆದವನು. ಒಂದು ಸ್ವರ ಹಿಡಿದರೆ ಅದನ್ನು ಎಳೆದು, ಬಗ್ಗಿಸಿ, ಸುತ್ತಿ, ಇನ್ನೇನು ಬಿಟ್ಟ ಎನ್ನುವಾಗ ಮತ್ತೆ ಹಿಡಿಯುತ್ತಿದ್ದ. ಅವನ ಮುಂದೆ ಜನ ಚಪ್ಪಾಳೆ ಹೊಡೆಯುವುದನ್ನು ಮರೆತು ಕೂರುತ್ತಿದ್ದರು. ಫ್ರಾನ್ಸಿಸ್‌ನ ಮುಂದೆ ಕೂರುವುದನ್ನೇ ಮರೆಯುತ್ತಿದ್ದರು.

ಹೋಟೆಲುಗಳಲ್ಲಿ, ಬಸ್‌ಸ್ಟ್ಯಾಂಡುಗಳಲ್ಲಿ ಇದೇ ಚರ್ಚೆ. ಚಿಂತಾಮಣಿಯವರಿಗೆ ಫ್ರಾನ್ಸಿಸ್ ದೊಡ್ಡವನು, ಶಿಡ್ಲಘಟ್ಟದವರಿಗೆ ನಾಗರಾಜ. “ನಿಮ್ಮೋನು ಬಾರಿಸೋವಾಗ ನಿದ್ದೆ ಬರ್ತದೆ.” “ನಿಮ್ಮೋನು ಬಾರಿಸಿದ್ಮೇಲೆ ಮೂರು ದಿನ ನಿದ್ದೆ ಬರಲ್ಲ.” ನನ್ನನ್ನು ಕೇಳಿದ್ದರೆ ನನಗೆ ಗೊತ್ತಿದ್ದ ರೀತಿಯಲ್ಲಿ ಹೇಳುತ್ತಿದ್ದೆ. ಫ್ರಾನ್ಸಿಸ್‌ನದು ಒಗ್ಗರಣೆ: ಸಾಸಿವೆ ಸಿಡಿದಾಗ ಬೀದಿಗೆಲ್ಲ ಗೊತ್ತಾಗುತ್ತದೆ. ನಾಗರಾಜನದು ಬೇಳೆ: ಸಣ್ಣ ಉರಿಯಲ್ಲಿ ಬೇಯಬೇಕು, ಕಾಯುವವರಿಗೆ ಮಾತ್ರ ರುಚಿ. ಎರಡೂ ಇಲ್ಲದೆ ಸಾರು ಆಗುತ್ತದೆಯೇ? ಆದರೆ ನನ್ನನ್ನು ಯಾರೂ ಕೇಳಲಿಲ್ಲ. ಅವರಿಬ್ಬರೂ ಚರ್ಚೆ ಕೇಳಿ ನಗುತ್ತಿದ್ದರು. ಮೊದಮೊದಲು ಜೋರಾಗಿ ನಗುತ್ತಿದ್ದರು. ಆಮೇಲೆ ನಾಗರಾಜನ ನಗು ಕಡಿಮೆಯಾಯಿತು. ಜನ ಹೋಲಿಸಿ ಹೋಲಿಸಿ ಇಬ್ಬರ ನಡುವೆ ಒಂದು ಸಣ್ಣ ಮುಳ್ಳು ಇಟ್ಟುಬಿಟ್ಟಿದ್ದರು.

ಮೊನ್ನೆ ನನ್ನ ಮೊಮ್ಮಗಳು ತನ್ನ ಫೋನಿನಲ್ಲಿ ಪರದೇಶದ ಗಿಟಾರಿನವರನ್ನು ಒಬ್ಬೊಬ್ಬರನ್ನಾಗಿ ತೋರಿಸಿ, “ಇವ್ರಲ್ಲಿ ಯಾರು ಬೆಸ್ಟ್ ಹೇಳಜ್ಜಿ,” ಎಂದಳು. ಒಬ್ಬ ಹಲ್ಲಿನಿಂದ ಬಾರಿಸುತ್ತಾನೆ. ಒಬ್ಬ ಕಣ್ಣು ಮುಚ್ಚಿ ಅಳುವವನ ಹಾಗೆ ನಿಲ್ಲುತ್ತಾನೆ; ಅವನು ನಮ್ಮ ನಾಗರಾಜನ ಜಾತಿ. ಇನ್ನೊಬ್ಬ ಪುಣ್ಯಾತ್ಮ ಬಾರಿಸಿದ ಮೇಲೆ ವಾದ್ಯವನ್ನು ಕೆಳಗಿಟ್ಟು ಬೆಂಕಿ ಹಚ್ಚಿಬಿಟ್ಟ! ನಾನು ಕೆನ್ನೆ ಬಡಿದುಕೊಂಡೆ. “ಸರಸ್ವತೀನ ಸುಡೋದಾ!” ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ನಾನು ಸರಸ್ವತಿಗೆ ಮಾಡಿದ್ದು ಅದಕ್ಕಿಂತ ಕಡಿಮೆಯೇನಲ್ಲ.

ಆ ವರ್ಷ ದಸರಕ್ಕೆ ಚಿಕ್ಕಬಳ್ಳಾಪುರದ ಉತ್ಸವ ಸಮಿತಿಯವರು ಇಬ್ಬರನ್ನೂ ಒಂದೇ ಸಂಜೆ, ಒಂದೇ ವೇದಿಕೆಗೆ ಕರೆದರು. ವಿಜಯದಶಮಿಯ ದಿನ. ಮೊದಲು ಫ್ರಾನ್ಸಿಸ್, ಆಮೇಲೆ ನಾಗರಾಜ, ಕೊನೆಗೆ ಇಬ್ಬರೂ ಸೇರಿ. ಅಪ್ಪ ಮೊದಲ ಸಲ ಮಗನ ಗಿಟಾರು ಕೇಳಲು ಒಪ್ಪಿದ್ದರು. ಹಿಂದಿನ ದಿನ ಆಯುಧಪೂಜೆಗೆ ನಾಗರಾಜ ಜಂಗಮಕೋಟೆಗೆ ಹೋದ, ಅಪ್ಪನನ್ನು ಕರೆತರಲು. ಗಿಟಾರನ್ನು ಕಂಬಳಿಯಲ್ಲಿ ಸುತ್ತಿ ಹಿಂದಿನ ಕೋಣೆಯಲ್ಲಿ ಇಟ್ಟುಹೋಗಿದ್ದ.

ನೂಲಿನ ಮನೆಯ ಆಯುಧಪೂಜೆ ನೀವು ನೋಡಬೇಕು. ಚರಕಗಳನ್ನೆಲ್ಲ ತೊಳೆದು ಗಂಧ ಕುಂಕುಮ ಇಟ್ಟು ಹೂ ಮುಡಿಸುತ್ತೇವೆ. ತಪ್ಪಲೆ, ತಕ್ಕಡಿ, ಹೊಲಿಗೆ ಮಿಷನ್ನು, ಯಜಮಾನರ ಸೈಕಲ್ಲು, ಕೊನೆಗೆ ನನ್ನ ಈಳಿಗೆಮಣೆಗೂ ಒಂದು ಬೊಟ್ಟು. ಎಲ್ಲ ಮುಗಿಸಿ ಮಂಗಳಾರತಿ ಎತ್ತುವಾಗ ಹಿಂದಿನ ಕೋಣೆ ನೆನಪಾಯಿತು. ಹಲಸಿನ ಮರದ ಆ ಕೂಸೊಂದೇ ಕತ್ತಲಲ್ಲಿ ಕಂಬಳಿ ಹೊದ್ದು ಮಲಗಿದೆಯಲ್ಲ! ಸೈಕಲ್ಲಿಗೆ ಪೂಜೆ, ಸರಸ್ವತಿಗೆ ಇಲ್ಲ! ನಾಳೆ ಅವನು ಅಪ್ಪನ ಎದುರು ನುಡಿಸಬೇಕು. ಈ ಅಕ್ಕ ಇನ್ನೇನು ತಾನೆ ಮಾಡಬಲ್ಲಳು?

ಬಿಚ್ಚಿದೆ. ತಲೆಗೆ ಗಂಧ, ಕತ್ತಿಗೆ ಬಾಳೆನಾರಿನಲ್ಲಿ ಕಟ್ಟಿದ ಕನಕಾಂಬರ. ಆಮೇಲೆ ಎದೆ. ‘ಇದೇ ಇದರ ಜೀವ’ ಎಂದಿದ್ದನಲ್ಲ. ಜೀವಕ್ಕೆ ಸ್ವಲ್ಪ ಧಾರಾಳವಾಗಿಯೇ ಇರಲಿ ಎಂದು ತೇಯ್ದ ಗಂಧವನ್ನು ನಾಲ್ಕು ಬೆರಳಲ್ಲಿ ಬಳಿದೆ. ಮೇಲೆ ಕುಂಕುಮ. ಅದರ ಮೇಲೆ ಮೂರು ಉದ್ಧರಣೆ ತೀರ್ಥ. ಉಳಿದ ಹೂವಿನ ತುಂಡನ್ನು ತಗಡಿನ ಸಂದಿಯಲ್ಲಿ ಬೀಳದ ಹಾಗೆ ಬೆರಳಿನಿಂದ ಒತ್ತಿ ಸಿಕ್ಕಿಸಿದೆ. ಒದ್ದೆ ಕೈ ಎಂಬುದು ಆಗ ನೆನಪಿಗೇ ಬರಲಿಲ್ಲ. ಪೂಜೆಯ ಕೈ ಒದ್ದೆ ಕೈ ಎಂದು ಯಾರಿಗೆ ಅನ್ನಿಸುತ್ತದೆ, ನೀವೇ ಹೇಳಿ.

ಬೆಳಗ್ಗೆ ಎದ್ದಾಗ ತಮ್ಮನ ಎಚ್ಚರಿಕೆ ನೆನಪಾಯಿತು. ಅವನು ಬರುವ ಮುಂಚೆ ಸೆರಗಿನಿಂದ ಚೆನ್ನಾಗಿ ಒರೆಸಿ, ಹೂ ಕಿತ್ತು, ಕಂಬಳಿ ಸುತ್ತಿಟ್ಟೆ. ಹೊರಗೆ ಒಂದು ಚುಕ್ಕೆಯೂ ಇರಲಿಲ್ಲ. ಸಂದಿಯಲ್ಲಿ ಸಿಕ್ಕಿಸಿದ ಹೂ ಪೂರ್ತಿ ಬಂತೋ ಇಲ್ಲವೋ ನೋಡಲಿಲ್ಲ.

ಸಂಜೆ ಶಾಲೆಯ ಮೈದಾನ ತುಂಬಿತ್ತು. ಚಿಂತಾಮಣಿಯವರು ಒಂದು ಕಡೆ, ನಮ್ಮವರು ಇನ್ನೊಂದು ಕಡೆ. ಫ್ರಾನ್ಸಿಸ್ ಅವತ್ತು ಬಾರಿಸಿದ ಹಾಗೆ ಯಾವತ್ತೂ ಬಾರಿಸಿರಲಿಲ್ಲ. ಇಳಿದು ಬಂದವನು ವೇದಿಕೆಯ ಹಿಂದೆ ನಾಗರಾಜನ ಗಿಟಾರು ಎತ್ತಿಕೊಂಡು, ಒಂದು ತಿರುಪು ಬಿಗಿ ಮಾಡಿ, “ಹೋಗು, ಮೆಲ್ಲಗೆ ಶುರು ಮಾಡು. ಜನ ಬಿಸಿಯಾಗವ್ರೆ, ತಣ್ಣಗೆ ಮಾಡು,” ಎಂದು ಬೆನ್ನು ತಟ್ಟಿದ. ಪಕ್ಕದಲ್ಲೇ ನಾನು ಕಾಫಿ ಫ್ಲಾಸ್ಕು ಹಿಡಿದು ನಿಂತಿದ್ದೆ.

ನಾಗರಾಜ ಕಣ್ಣು ಮುಚ್ಚಿದ. ಮೊದಲ ಸ್ವರ ಬಂತು. ಮುಂದಿನ ಸಾಲಿನ ಕುರ್ಚಿಯಲ್ಲಿ ಅಪ್ಪ ಸ್ವಲ್ಪ ಮುಂದಕ್ಕೆ ಬಾಗಿದರು. ಅದು ನನಗೆ ಕಂಡಿತು, ಆ ಒಂದು ಬಾಗುವಿಕೆಗೆ ನಾನು ಈಗಲೂ ದೇವರಿಗೆ ಋಣಿ. ಎರಡನೆಯ ಸ್ವರವನ್ನು ಎಳೆಯುತ್ತಿದ್ದ ಹಾಗೆ ಪೆಟ್ಟಿಗೆ ಕರಕರ ಎಂದಿತು. ಒಮ್ಮೆ ಕಿರುಚಿತು. ಆಮೇಲೆ ಏನೂ ಇಲ್ಲ. ತಮ್ಮನ ಬೆರಳು ಆಡುತ್ತಿದೆ, ಸದ್ದಿಲ್ಲ. ಚಿಂತಾಮಣಿಯ ಕಡೆಯಿಂದ ಯಾರೋ, “ತಣ್ಣಗಾಯ್ತು ಬಿಡ್ರಪ್ಪೋ!” ಎಂದು ಕೂಗಿದರು. ಮೈದಾನವೆಲ್ಲ ನಕ್ಕಿತು.

ಫ್ರಾನ್ಸಿಸ್ ತನ್ನ ಗಿಟಾರು ಹಿಡಿದುಕೊಂಡು ಓಡಿದ. “ಇದರಲ್ಲಿ ಬಾರಿಸು, ತಗೊ.”

ನಾಗರಾಜ ಅದನ್ನು ತಳ್ಳಿದ. “ಈಗ ತಾನೆ ನೀನೇ ಒಳಗೆ ಕೈ ಹಾಕಿದ್ದೆ. ಈಗ ದಾನ ಮಾಡೋಕ್ ಬಂದ್ಯಾ?” ಮೈಕು ಚಾಲೂ ಇತ್ತು. ಎಲ್ಲರಿಗೂ ಕೇಳಿಸಿತು. ಅಪ್ಪ ಟವಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದರು.

ವೇದಿಕೆಯ ಹಿಂದೆ ನಾಗರಾಜ ಗೋಡೆಗೆ ಮುಖ ಮಾಡಿ ನಿಂತಿದ್ದ. ಫ್ರಾನ್ಸಿಸ್ ನೆಲದಲ್ಲಿ ಕೂತು ಗಿಟಾರಿನ ತಗಡು ಬಿಚ್ಚಿದ. ನಾನು ಬ್ಯಾಟರಿ ಹಿಡಿದಿದ್ದೆ. ಒಳಗೆಲ್ಲ ಕೆಂಪು. ನಾನು ಚರಕದ ಮೇಲೆ ಸುತ್ತಿದ ತಾಮ್ರದ ಮೇಲೆ ಗಂಧ ಒಣಗಿ ಬಿರುಕು ಬಿಟ್ಟಿತ್ತು. ಬಾಳೆನಾರಿನ ಒಂದು ಗಂಟು, ಬಾಡಿದ ಎಸಳು. ಅದರ ಪಕ್ಕದಲ್ಲೇ ಕೂದಲಿನಂಥ ಎಳೆ ತುಂಡಾಗಿತ್ತು. ಫ್ರಾನ್ಸಿಸ್ ತಲೆಯೆತ್ತಿ ನನ್ನನ್ನು ನೋಡಿದ. ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಕುಂಕುಮವಿತ್ತು. ಅವನು ತಗಡನ್ನು ಮೆಲ್ಲಗೆ ಮುಚ್ಚಿ, ನಾಲ್ಕೂ ತಿರುಪು ಹಾಕಿದ.

“ಎಳೆ ಕಿತ್ತೋಗಿದೆ ನಾಗರಾಜು. ನಂದೇ ತಪ್ಪು,” ಎಂದ.

ಅಷ್ಟೇ. ಅವನು ನನಗೆ ಜಾಗ ಬಿಟ್ಟಿದ್ದ. ನಾನು ಬಾಯಿ ತೆರೆಯಬೇಕಾಗಿತ್ತು. ಆದರೆ ಆಚೆ ರಸ್ತೆಯಲ್ಲಿ ಅಪ್ಪ ಕಾಯುತ್ತಿದ್ದರು, ಯಜಮಾನರು ಇದ್ದರು, ಅತ್ತೆ ಇದ್ದರು. ನಾಳೆ ಹೇಳೋಣ ಎಂದುಕೊಂಡೆ. ನಾಗರಾಜ ತಿರುಗಿ, “ಒಪ್ಕೊಂಡ್ಯಲ್ಲ, ಸಾಕು,” ಎಂದು ಗಿಟಾರು ಎತ್ತಿಕೊಂಡು ನಡೆದುಬಿಟ್ಟ. ಮರುದಿನ ಅವನ ಮುಖ ನೋಡಿ ಹೇಳಲಾಗಲಿಲ್ಲ. ಆ ವಾರ ಆಗಲಿಲ್ಲ. ಸುಳ್ಳು ಹೇಳಿದವರಿಗೆ ಆ ಸುಳ್ಳಾದರೂ ನೆನಪಿರುತ್ತದೆ. ನನ್ನಂತೆ ಸುಮ್ಮನಿದ್ದವರಿಗೆ ದಿನ ಕಳೆದ ಹಾಗೆ ತಾವೇನೂ ಮಾಡಿಲ್ಲ ಎನ್ನಿಸತೊಡಗುತ್ತದೆ.

ನಾಗರಾಜ ಗಿಟಾರು ಬಿಟ್ಟ. ಪರೀಕ್ಷೆ ಕಟ್ಟಿ ಗೌರಿಬಿದನೂರಿನಲ್ಲಿ ಗುಮಾಸ್ತನ ಕೆಲಸ ಹಿಡಿದ. ಗಿಟಾರನ್ನು ಗೋಡೆಗೆ ನೇತುಹಾಕಿ ಮೇಲೊಂದು ದುಪ್ಪಟಿ ಹೊದಿಸಿದ. ಬಿಚ್ಚಲು ಯಾರಿಗೂ ಬಿಡಲಿಲ್ಲ, ತಾನೂ ಬಿಚ್ಚಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಇಳಿಸಿಕೊಂಡು ಕರೆಂಟಿಲ್ಲದೆಯೇ ನುಡಿಸುತ್ತಾನೆಂದು ಅವನ ಹೆಂಡತಿ ಒಂದು ಸಲ ಹೇಳಿದಳು. ಕರೆಂಟಿಲ್ಲದೆ ಆ ಹಲಗೆಯಿಂದ ಎಷ್ಟು ಸದ್ದು ಬಂದೀತು? ನುಡಿಸುವವನಿಗೆ ಮಾತ್ರ ಕೇಳಿಸುವಷ್ಟು.

ಫ್ರಾನ್ಸಿಸ್‌ನನ್ನು ಆಮೇಲೆ ನಾನು ನೋಡಿದ್ದು ಒಂದೇ ಸಲ. ಮನೆಯ ರೇಡಿಯೊ ಕೆಟ್ಟಿದೆ ಎಂಬ ನೆಪದಲ್ಲಿ ಯಜಮಾನರ ಜೊತೆ ಚಿಂತಾಮಣಿಗೆ ಹೋದೆ. ಅವರು ಬೀಡಾ ತರಲು ಹೋದಾಗ, “ನನ್ನಿಂದ ನಿಂಗೆ ಕೆಟ್ಟ ಹೆಸರು ಬಂತಪ್ಪ,” ಎಂದೆ. ಅವನು ರೇಡಿಯೊದ ಒಳಗಿನಿಂದ ಮುಖ ತೆಗೆಯದೆ ಹೇಳಿದ: “ಪೂಜೆ ಮಾಡಿದ್ರಿ, ಕೇಡು ಮಾಡ್ಲಿಲ್ಲ. ನಾನು ಯಾರಿಗೂ ಹೇಳಲ್ಲಕ್ಕ. ಆದ್ರೆ ನೀವು ಅವನಿಗೆ ಹೇಳಿ. ಅವನ ಜೊತೆ ಬಾರಿಸೋಕೆ ನಂಗೆ ಇನ್ನೊಬ್ಬ ಸಿಗಲ್ಲ.” ಹೇಳ್ತೀನಿ ಎಂದೆ. ರೇಡಿಯೊ ಇಪ್ಪತ್ತು ವರ್ಷ ಕೆಡಲಿಲ್ಲ. ಪ್ರತಿ ಸಲ ಅದರ ಕಿವಿ ತಿರುಗಿಸುವಾಗಲೂ ಆ ಮಾತು ಕೇಳಿಸುತ್ತಿತ್ತು.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ಅರ್ಧ ಬೋಗುಣಿ ಬೇಳೆಯಾಗಿತ್ತು. ಎದ್ದೆ. ಕೈಯನ್ನು ಈ ಸಲ ಟವಲಿಗೆ ಚೆನ್ನಾಗಿ ಒರೆಸಿಕೊಂಡೆ. ದೇವರ ಮುಂದೆ ಒಂದು ಕ್ಷಣ ನಿಂತು, ಏನೂ ಬೇಡಿಕೊಳ್ಳದೆ ಬಂದು ಫೋನು ಮಾಡಿದೆ.

“ನಾಗರಾಜು, ನಾನು ಹೇಳೋ ತನಕ ನಡುವೆ ಬಾಯಿ ಹಾಕ್ಬೇಡ,” ಎಂದೆ. ಕಂಬಳಿ ಬಿಚ್ಚಿದ್ದು, ಗಂಧ, ಕುಂಕುಮ, ತೀರ್ಥ, ಹೂ, ಬೆಳಗ್ಗೆ ಒರೆಸಿದ್ದು, ಬ್ಯಾಟರಿ ಬೆಳಕಿನಲ್ಲಿ ಕಂಡದ್ದು, ಫ್ರಾನ್ಸಿಸ್ ನೋಡಿದ ನೋಟ, ಎಲ್ಲ ಹೇಳಿದೆ. ಯಾವ ಕಡೆಯೂ ನನಗೆ ಅನುಕೂಲವಾಗುವ ಹಾಗೆ ತಿರುಗಿಸಲಿಲ್ಲ.

“ಐವತ್ತು ವರ್ಷ ಕಣಕ್ಕಾ,” ಎಂದ. ಫೋನು ಕಟ್ಟಾಯಿತು.

ಮತ್ತೆ ಹೋಗಿ ಕಾಳಿನ ಮುಂದೆ ಕೂತೆ. ಬೇರೆ ಏನು ಮಾಡಲಿ? ತಮ್ಮನನ್ನು ಕಳೆದುಕೊಂಡೆ ಎಂದುಕೊಂಡೆ. ಬೆರಳು ಕಾಳಿನ ಮೊಳಕೆ ಹುಡುಕುವುದನ್ನೇ ಮರೆತುಬಿಟ್ಟಿತು. ಎಷ್ಟೋ ಬೇಳೆ ಸಿಪ್ಪೆಯ ಮೊರಕ್ಕೆ ಬಿದ್ದವು, ಮತ್ತೆ ಆರಿಸಿದೆ. ಕಾಳು ಮುಗಿಯುವ ಹೊತ್ತಿಗೆ ಫೋನು ಬಡಿಯಿತು. ಎತ್ತಲು ಹೆದರಿಕೆಯಾಯಿತು.

“ಅಕ್ಕಾ,” ಎಂದ. “ತಗಡು ಬಿಚ್ದೆ. ತಿರುಪು ತುಕ್ಕು ಹಿಡಿದಿತ್ತು, ಕೊಬ್ರಿ ಎಣ್ಣೆ ಬಿಟ್ಟು ಬಿಚ್ದೆ. ಇನ್ನೂ ಕೆಂಪಗೇ ಇದೆ ಕಣೇ. ಬಾಳೆನಾರಿನ ಗಂಟೂ ಇದೆ. ಅದು ನಿನ್ ಗಂಟೇ. ಅವನು ಇದನ್ನ ನೋಡಿ, ಮುಚ್ಚಿ, ನಂದೇ ತಪ್ಪು ಅಂದ್ನಲ್ಲ…”

ಮೂಗು ಸೀಟಿಕೊಂಡ ಸದ್ದು ಕೇಳಿಸಿತು. ನಾನೂ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದೆ.

“ನಂಗೇನಾದ್ರೂ ಬೈಯೋ,” ಎಂದೆ.

“ಬೈತೀನಿ. ಭಾನುವಾರ ಬಸ್ಸಲ್ಲಿ ಬೈತೀನಿ, ಚಿಂತಾಮಣಿವರೆಗೂ ಹೊತ್ತಿದೆ. ಬೆಳಗ್ಗೆ ಮೊದಲ್ನೇ ಬಸ್ಸಿಗೆ ಶಿಡ್ಲಘಟ್ಟಕ್ಕೆ ಬರ್ತೀನಿ, ರೆಡಿಯಾಗಿರು. ಇದನ್ನ ಹಿಂಗೇ ಎತ್ಕೊಂಡು ಬರ್ತೀನಿ, ಅವನೇ ಬಿಚ್ಚಿ ನೋಡ್ಲಿ. ಮತ್ತೆ ಸುತ್ತಬೇಕು ಅಂದ್ರೆ ನಿನ್ ಕೈ ಬೇಕಾಗ್ತದೆ.” ಫೋನಿಡುವ ಮುಂಚೆ, “ಅಕ್ಕಾ, ಬರೋವಾಗ ಕುಂಕುಮದ ಭರಣಿ ಮಾತ್ರ ಮನೇಲೇ ಬಿಟ್ಟು ಬಾ,” ಎಂದ.

ಫೋನಿಟ್ಟು ಬಂದು ಬೇಳೆಯನ್ನು ಮೂರು ನೀರಿನಲ್ಲಿ ತೊಳೆದೆ. ಒಲೆಯ ಮೇಲಿಟ್ಟು ಉರಿ ಸಣ್ಣ ಮಾಡಿದೆ. ಬೇಯಲು ಇನ್ನೂ ಹೊತ್ತಿತ್ತು. ಒಗ್ಗರಣೆಗೆಂದು ಸಾಸಿವೆಯ ಡಬ್ಬಿ ತೆಗೆದು ಪಕ್ಕದಲ್ಲಿಟ್ಟುಕೊಂಡೆ.